ಶುಕ್ರವಾರದ ರುಜು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಚೀಫ್ ಒಂದು ಮಾತು ಹೇಳಿದ. ಹೇಳಿ, ಏನೂ ಆಗಿಲ್ಲವೆಂಬಂತೆ ಮೀನಿನ ಮುಳ್ಳು ಬಿಡಿಸತೊಡಗಿದ. ಅವನ ಅತ್ತೆ ಅರ್ಧ ಉಂಡ ತಟ್ಟೆ ಎತ್ತಿಕೊಂಡು, ನೋಯುವ ಮಂಡಿ ಎಳೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಮುದುಕಿ ಅಳಿಯನ ಜೊತೆ ಒಂದೇ ಮೇಜಿಗೆ ಕೂರುವುದನ್ನೇ ಬಿಟ್ಟಳು.

ಅವನು ಹೇಳಿದ್ದಿಷ್ಟು: “ಆ ಶುಕ್ರವಾರ ಜಾಲರಿ ತೆಗೆದು ನೋಡಿರಲಿಲ್ಲ. ವಿಚಾರಣೆಯಲ್ಲಿ ಹಾಗೇ ಬರೆದುಕೊಡ್ತೀನಿ.”

ಜಾಲರಿ ತೆಗೆದು ನೋಡಬೇಕಾಗಿದ್ದವನು ಮುದುಕಿಯ ಒಬ್ಬನೇ ಮಗ. ಚೀಫನ ಹೆಂಡತಿಗೆ ಬೆನ್ನಿಗೆ ಬಿದ್ದ ತಮ್ಮ.

ಕರಾವಳಿ ಕಾವಲು ಪಡೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ ಆ ಮನುಷ್ಯನನ್ನು ಹಾಲಿನವನಿಂದ ಹಿಡಿದು ಕ್ಷೌರದವನವರೆಗೆ ಬೀದಿಯೆಲ್ಲ ಚೀಫ್ ಎಂದೇ ಕರೆಯುತ್ತಿತ್ತು. ಹದಿನೆಂಟಕ್ಕೆ ಡೆಕ್ ಉಜ್ಜಲು ಸೇರಿದವನು. ಹಗ್ಗ ಸುತ್ತಿ, ಲಂಗರು ಎಳೆದು, ಚುಕ್ಕಾಣಿ ಹಿಡಿದು, ತೋಳಿನ ಮೇಲೆ ಒಂದೊಂದೇ ಪಟ್ಟಿ ಏರಿಸಿಕೊಂಡು ಬಂದವನು. ಅವನು ಅಧಿಕಾರಿಯಲ್ಲ. ಅಧಿಕಾರಿಗಳು ಓದಿ ಬಂದವರು, ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವರು. ಆದರೆ ಹೊಸದಾಗಿ ಬಂದ ಯಾವ ಕಮಾಂಡರೇ ಆಗಲಿ, ಗಾಳಿ ತಿರುಗಿದ ದಿನ ಬೋಟು ಬಿಡಲೋ ಬೇಡವೋ ಎಂದು ಮೊದಲು ನೋಡುತ್ತಿದ್ದುದು ಇವನ ಮುಖವನ್ನೇ. ಇಡೀ ಪಡೆಯ ನಾವಿಕರಿಗೆಲ್ಲ ಹಿರಿಯನಾಗಿ ಒಬ್ಬನೇ ಒಬ್ಬ ಚೀಫ್ ಇರುತ್ತಾನೆ. ಪಡೆಯ ಮುಖ್ಯಸ್ಥರ ಪಕ್ಕದ ಕೋಣೆ ಅವನದು. ಬರುವ ತಿಂಗಳು ಆ ಹುದ್ದೆ ಇವನಿಗೆ ಎಂದು ಆಗಲೇ ಮಾತಾಗಿತ್ತು. ಲಿಫ್ಟ್ ಇರುವ ಮನೆ ಕೊಡುತ್ತಾರಂತೆ ಎಂದು ಮುದುಕಿ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಬೋಟು ಮಗುಚಿತು.

ಇಂಜಿನ್ ಕೆಟ್ಟ ಮೀನುದೋಣಿಯೊಂದು ಬಂಡೆಗಳ ಕಡೆ ತೇಲುತ್ತಿದೆ ಎಂದು ಶನಿವಾರ ಬೆಳಿಗ್ಗೆ ಕರೆ ಬಂದಿತ್ತು. ರಕ್ಷಣಾ ಬೋಟು ಹೊರಟಿತು. ಬಂದರಿನ ಬಾಯಿಯಲ್ಲಿ, ಅಲೆ ಒಡೆಯುವ ಜಾಗದಲ್ಲೇ, ಅದರ ಇಂಜಿನ್ ಕಾದು ನಿಂತುಹೋಯಿತು. ಅಡ್ಡ ತಿರುಗಿದ ಬೋಟನ್ನು ಎರಡನೆಯ ಅಲೆ ಮಗುಚಿ ಹಾಕಿತು. ನಾಲ್ವರಲ್ಲಿ ಮೂವರು ಮೈ ತರಚಿಕೊಂಡು ಮೇಲೆ ಬಂದರು. ಚುಕ್ಕಾಣಿ ಹಿಡಿದಿದ್ದ ಇಪ್ಪತ್ತೆರಡು ವರ್ಷದ ನಾವಿಕನ ಎಡಗಾಲು ಬೋಟಿಗೂ ಬಂದರಿನ ತಡೆಗೋಡೆಯ ಕಲ್ಲಿಗೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೀನುದೋಣಿಯವರನ್ನು ಬೇರೆ ಬೋಟು ಹೋಗಿ ಕರೆತಂದಿತು.

ಇಂಜಿನ್ ತಂಪಾಗಿರಲು ಸಮುದ್ರದ ನೀರು ಒಳಗೆ ಹರಿಯಬೇಕು. ಪಾಚಿ, ಕಸ ಒಳಗೆ ಹೋಗದಂತೆ ತಡೆಯಲು ಒಂದು ಜಾಲರಿ ಇರುತ್ತದೆ. ಪ್ರತಿ ಶುಕ್ರವಾರ ಮೆಕ್ಯಾನಿಕ್ ಅದನ್ನು ತೆಗೆದು ತೊಳೆದು ಪುಸ್ತಕದಲ್ಲಿ ರುಜು ಮಾಡಬೇಕು. ಕೆಳಗೆ ಚೀಫ್ ರುಜು ಮಾಡಬೇಕು. ಮೆಕ್ಯಾನಿಕ್ ಎಂದರೆ ತಮ್ಮನೇ. ಅಕ್ಕ ಕಾಡಿ ಬೇಡಿದ ಮೇಲೆ ಭಾವನೇ ಹನ್ನೊಂದು ವರ್ಷದ ಹಿಂದೆ ಪಡೆಗೆ ಸೇರಿಸಿದ್ದ.

ಆ ಶುಕ್ರವಾರದ ಬಗ್ಗೆ ಚೀಫನ ಹೆಂಡತಿಗೆ ಇನ್ನೊಂದು ವಿಷಯ ಗೊತ್ತಿತ್ತು. ಬೇಕರಿಯ ಗಲ್ಲಾದಲ್ಲಿ ಆರರಿಂದ ಒಂದರವರೆಗೆ ಕೂತು ಅವಳು ಮನೆಗೆ ಬರುವಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ನರಳುತ್ತಿದ್ದಳು. ಗಾಬರಿಯಲ್ಲಿ ಅವಳು ಗಂಡನಿಗೆ ಫೋನ್ ಮಾಡಿದಳು. “ನನ್ನ ಕೈಲಿ ಎತ್ತೋಕಾಗ್ತಿಲ್ಲ. ಅವನನ್ನ ಕಳಿಸಿ ರೀ, ಒಂದು ಗಂಟೆ ಬಿಟ್ರೆ ಸಮುದ್ರ ಬತ್ತಿ ಹೋಗಲ್ಲ,” ಎಂದಿದ್ದಳು. ತಮ್ಮ ಓಡಿ ಬಂದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಉಳುಕು, ಅಷ್ಟೇ.

ಆ ಫೋನಿನ ಮಾತನ್ನು ಅವಳು ಯಾರ ಮುಂದೆಯೂ ಎತ್ತಿರಲಿಲ್ಲ. ಗಂಡನೂ ಎತ್ತಿರಲಿಲ್ಲ.

ಸೋಮವಾರ ಸಂಜೆ ತಮ್ಮ ಬಂದ. ಚಪ್ಪಲಿ ಬಿಡದೆ ಒಳಗೆ ಬಂದದ್ದರಲ್ಲೇ ಜಗಳದ ವಾಸನೆಯಿತ್ತು. ಅಕ್ಕ ಚಹಾ ತಂದಿಟ್ಟಳು. ಅದು ಕೆನೆ ಕಟ್ಟಿತು.

“ಭಾವ, ಬೋಟ್ ಮಗುಚಿದ ಮೇಲೆ ಇಂಜಿನ್ ತುಂಬ ಮರಳು, ಪಾಚಿ,” ಎಂದ. “ಮೊದಲೇ ಇತ್ತಾ, ಆಮೇಲೆ ಸೇರಿಕೊಂಡ್ತಾ ಅಂತ ಯಾವ ತಜ್ಞನೂ ಹೇಳೋಕಾಗಲ್ಲ. ನಿಜ ಗೊತ್ತಿರೋದು ನಮ್ಮಿಬ್ಬರಿಗೆ.”

“ಇಬ್ಬರಿಗೆ ಗೊತ್ತಿದ್ರೆ ಸಾಲದಾ?”

“ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ. ಸುಮ್ನಿರಿ ಅಂತಿದ್ದೀನಿ.”

“ಪುಸ್ತಕದಲ್ಲಿ ‘ನೋಡಿದೆ’ ಅಂತ ಬರೆದಿದ್ದೀಯ. ನಾನು ಸುಮ್ನಿದ್ದಷ್ಟು ದಿನ ಅದು ಸುಳ್ಳು ಹೇಳ್ತಾನೇ ಇರುತ್ತೆ.”

ತಮ್ಮ ಚಹಾದ ಲೋಟವನ್ನು ದೂರ ತಳ್ಳಿದ. “ಗೊತ್ತಾಯ್ತು ಬಿಡಿ. ಮೇಲಿನ ಕುರ್ಚಿ ಕಾಯ್ತಿದೆ ನಿಮಗೆ. ಸ್ವಂತ ಭಾಮೈದನನ್ನೂ ಬಿಡಲಿಲ್ಲ, ಎಂಥ ನಿಯತ್ತು ಅಂತ ನಾಲ್ಕು ಜನ ಹೊಗಳಬೇಕು. ಅದಕ್ಕೆ ನನ್ನನ್ನ ಮೆಟ್ಟಿಲು ಮಾಡ್ಕೊಳ್ತಿದ್ದೀರಿ.”

ಚೀಫ್ ಲೋಟವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿಟ್ಟ.

“ಏನಾದ್ರೂ ಹೇಳಿ ರೀ,” ಎಂದಳು ಹೆಂಡತಿ.

“ಹೇಳೋದನ್ನ ಬರೀತೀನಿ.”

“ಏನು ಬರೀತೀರಿ, ಅದನ್ನಾದ್ರೂ ಹೇಳಿ.”

“ಕೆಲಸದ ಕಾಗದ ಮನೇಲಿ ಓದೋ ರೂಢಿ ನನಗಿಲ್ಲ.”

ತಮ್ಮ ಎದ್ದ. “ಅಕ್ಕ, ಇನ್ನು ಈ ಮನೆಯ ತೊಟ್ಟು ನೀರು ಮುಟ್ಟಿದ್ರೆ ಕೇಳು,” ಎಂದು ಹೊರಟುಹೋದ. ಒಳಗಿನ ಕೋಣೆಯಿಂದ ಮುದುಕಿಯ ದನಿ ಬಂತು: “ಉಂಡ ಮನೆಯ ಜಂತಿ ಎಣಿಸೋರನ್ನ ಕೇಳಿದ್ದೆ. ಹೆಣ್ಣು ಕೊಟ್ಟ ಮನೆಯ ಕಂಬವನ್ನೇ ಕೀಳೋರನ್ನ ಈಗ ಕಂಡೆ.”

ಅಲ್ಲಿಂದ ಮನೆಯೊಂದು ಮೂರು ಬಾಗಿಲಾಯಿತು. ಮುದುಕಿಗೆ ಕೋಣೆಗೇ ತಟ್ಟೆ ಹೋಗಬೇಕು. ಚೀಫನಿಗೆ ಏಳೂವರೆಗೆ ಬಡಿಸಿಟ್ಟು ಹೆಂಡತಿ ಅಡುಗೆಮನೆಗೆ ಹೋಗಿ ನಿಲ್ಲುವಳು. ಚೀಫನ ಮಗಳು ಮಾತ್ರ ಎರಡೂ ಕಡೆ ಓಡಾಡುವಳು. ಚೀಫನ ಮನೆಯೆಂದರೆ ಹಡಗಿನ ಹಾಗೆ: ಚಪ್ಪಲಿಗಳು ಒಂದೇ ಸಾಲಿನಲ್ಲಿ, ಟವೆಲ್ಲುಗಳು ನಾಲ್ಕು ಮಡಿಕೆಯಲ್ಲಿ, ಕತ್ತರಿ ಕತ್ತರಿಯ ಮೊಳೆಯಲ್ಲಿ. ಹೆಂಡತಿ ಈಗ ಚಪ್ಪಲಿಯನ್ನು ಕಾಲು ಝಾಡಿಸಿ ಬಿಟ್ಟಳು. ಟವೆಲ್ಲನ್ನು ಕುರ್ಚಿಗೆ ಎಸೆದಳು. ಅವನು ಒಂದಕ್ಷರ ಆಡದೆ ಬಗ್ಗಿ ಚಪ್ಪಲಿ ಜೋಡಿಸುತ್ತಿದ್ದ. ಅವನು ಜೋಡಿಸಿದಷ್ಟೂ ಅವಳಿಗೆ ಮೈ ಉರಿಯುತ್ತಿತ್ತು.

ಒಂದು ಸಂಜೆ ಮಗಳು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. “ಅಮ್ಮ, ಇದಕ್ಕೆ ಉಪ್ಪೇ ಇಲ್ಲ.”

“ನಿಮ್ಮಪ್ಪ ಸಮುದ್ರದವರು. ಅವರಿಗೇನು ಉಪ್ಪಿನ ಬರ?”

ಚೀಫ್ ತಟ್ಟೆ ಖಾಲಿ ಮಾಡಿ ಎದ್ದ.

ಮಗಳು ಆಸ್ಪತ್ರೆಯಲ್ಲಿ, ಏಟು ತಿಂದವರಿಗೆ ಮತ್ತೆ ಕೈಕಾಲು ಆಡಿಸಲು ಕಲಿಸುವ ವಿಭಾಗದಲ್ಲಿ ತರಬೇತಿಗೆ ಸೇರಿದ್ದಳು. ಆ ನಾವಿಕನೂ ಅದೇ ವಾರ್ಡಿನಲ್ಲಿದ್ದ. ಎರಡನೆಯ ವಾರದಲ್ಲಿ ಅವಳು ಸುದ್ದಿ ತಂದಳು.

“ಇಂಜಿನ್ ಸರಿಯಿತ್ತು ಅಂತಾದ್ರೆ ಬೋಟ್ ಮಗುಚಿದ್ದು ಚುಕ್ಕಾಣಿ ಹಿಡಿದವನ ತಪ್ಪಂತೆ. ಅಲೆ ನೋಡದೆ ತಿರುಗಿಸಿದ ಅಂತ ಬರೀತಾರಂತೆ. ಕಾಲೂ ಹೋಯ್ತು, ಇನ್ನು ಹೆಸರೂ ಹೋಗುತ್ತೆ ಅವನದು.”

ಮುಚ್ಚಿದ ಬಾಗಿಲಿನ ಹಿಂದಿನಿಂದ ಮುದುಕಿ ಕೇಳಿದಳು: “ಅವನು ನಿನಗೇನಾಗಬೇಕು? ನಿನ್ನ ಮಾವ ಏನಾಗಬೇಕು?”

“ಮಾವನಿಗೆ ಎರಡೂ ಕಾಲಿದೆ ಅಜ್ಜಿ.”

“ನಾಲಿಗೆ ಉದ್ದ ಆಯ್ತು ನಿಂದು,” ಎಂದಳು ತಾಯಿ.

“ನಿಜ ಹೇಳಿದ್ರೆ ನಾಲಿಗೆ ಉದ್ದ. ಸರಿ, ಇನ್ನೊಂದು ಕೇಳ್ತೀನಿ. ವಾರವಾರವೂ ಜಾಲರಿ ನೋಡೋ ಮಾವ, ಅವತ್ತೊಂದು ದಿನ ಯಾಕೆ ನೋಡಲಿಲ್ಲ? ಅಂಥ ಅವಸರ ಏನಿತ್ತು?”

ತಾಯಿ ಸಿಂಕಿನ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರು ಪಾತ್ರೆಗೆ ಬಡಿದು ಸೀರೆಗೆ ಸಿಡಿಯಿತು. ಗಂಡನ ಕಣ್ಣು ತನ್ನ ಬೆನ್ನ ಮೇಲಿದೆ ಎಂದು ತಿರುಗಿ ನೋಡದೆಯೂ ಅವಳಿಗೆ ಗೊತ್ತಾಯಿತು. ಈಗ ಹೇಳುತ್ತಾನೆ ಎಂದುಕೊಂಡಳು.

“ಉಂಡಾಯ್ತಲ್ಲ, ಎದ್ದು ತಟ್ಟೆ ತೊಳಿ,” ಎಂದು ಅವನು ಮಗಳಿಗೆ ಹೇಳಿದ.

ಅವನು ಬೈದಿದ್ದರೆ ಹೆಂಡತಿ ತಡೆದುಕೊಳ್ಳುತ್ತಿದ್ದಳು. ಆ ಮೌನ ಅವಳನ್ನು ಇನ್ನಷ್ಟು ಕೆರಳಿಸಿತು. ಮಾರನೆಯ ಬೆಳಿಗ್ಗೆ ಇಸ್ತ್ರಿಗೆಂದು ತೆಗೆದಿಟ್ಟಿದ್ದ ಸಮವಸ್ತ್ರವನ್ನು ಮುದ್ದೆ ಮಾಡಿ ಮಂಚದ ಮೇಲೆ ಎಸೆದಳು.

“ನಿಮ್ಮ ಬಟ್ಟೆ ಇನ್ನು ನೀವೇ ನೋಡ್ಕೊಳ್ಳಿ.”

ಅವನು ಇಸ್ತ್ರಿ ಪೆಟ್ಟಿಗೆ ಹಚ್ಚಿದ. ತೋಳು, ಕಾಲರು, ಬೆನ್ನು, ಒಂದೊಂದಾಗಿ.

“ಅವನ ಕೆಲಸ ಹೋದ ದಿನ ನಾನು ಅಮ್ಮನ್ನ ಕರ್ಕೊಂಡು ಈ ಮನೆಯಿಂದ ಹೊರಡ್ತೀನಿ,” ಎಂದಳು.

“ಎಲ್ಲಿಗೆ?”

“ಎಲ್ಲಿಗಾದ್ರೂ.”

“ಮಂಡಿನೋವಿನ ಮಾತ್ರೆ ಮರೀಬೇಡ.”

ಅದು ಕೊಂಕೋ ಕಾಳಜಿಯೋ ಅವಳಿಗೆ ಬಗೆಹರಿಯಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ಎಷ್ಟೋ ಮಾತು ಬಗೆಹರಿದಿರಲಿಲ್ಲ. ಕರೆ ಬಂದರೆ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುವವನ ಜೊತೆ ಅವನ್ನು ಕೂತು ಬಗೆಹರಿಸಲು ಪುರುಸೊತ್ತೂ ಸಿಕ್ಕಿರಲಿಲ್ಲ. ಮಗಳು ಹುಟ್ಟಿದಾಗಲೂ ಅವನು ಮೂರು ದಿನ ದೂರ ಸಮುದ್ರದಲ್ಲಿದ್ದ. ಆಗ ಪಕ್ಕದಲ್ಲಿದ್ದವನು ಇದೇ ತಮ್ಮ. ಆ ಲೆಕ್ಕವನ್ನೂ ಅವಳು ಅವತ್ತು ಬಾಗಿಲಲ್ಲಿ ನಿಂತು ಒಪ್ಪಿಸಿದಳು. ಅವನು ಗುಂಡಿ ಹಾಕಿಕೊಂಡು, “ಹೌದು, ಅವನೇ ಇದ್ದ,” ಎಂದು ಕೆಲಸಕ್ಕೆ ಹೋದ.

ನಾಲ್ಕನೆಯ ವಾರ ವಿಚಾರಣೆ ನಡೆಯಿತು. ಐದನೆಯ ವಾರದ ಬುಧವಾರ ಆದೇಶ ಬಂತು. ಅಂದು ಮಧ್ಯಾಹ್ನ ಅವಳು ಬೇಕರಿಯಿಂದ ಬಂದಾಗ ತಮ್ಮ ಹೊಸಿಲ ಹೊರಗೆ ನಿಂತಿದ್ದ. ಒಳಗೆ ಕರೆದರೆ ಬರಲಿಲ್ಲ.

“ಕೆಲಸ ಹೋಯ್ತಾ?” ಎಂದಳು.

“ಹೋಗಿಲ್ಲ. ಉಗ್ರಾಣಕ್ಕೆ ಹಾಕಿದ್ದಾರೆ. ಇನ್ನು ಇಂಜಿನ್ ಮುಟ್ಟೋ ಹಾಗಿಲ್ಲ.”

“ಮತ್ತೆ ಮುಖ ಯಾಕೆ ಹೀಗಿದೆ?”

ಅವನು ಗೋಡೆಗೆ ಒರಗಿದ. “ನಾನು ಎಲ್ಲ ಬಾಯಲ್ಲಿ ಇಟ್ಕೊಂಡು ಹೋಗಿದ್ದೆ ಅಕ್ಕ. ಹೋಗು ಅಂದಿದ್ದು ಇವರೇ, ಗೊತ್ತಿದ್ದೂ ಕೆಳಗೆ ರುಜು ಹಾಕಿದ್ದು ಇವರೇ ಅಂತ ಅಲ್ಲಿ ಕೂಗಿ ಹೇಳಬೇಕು ಅಂತ. ನನ್ನನ್ನ ಕರೆದು ಮೊದಲು ಅವರ ಹೇಳಿಕೆ ಓದಿದ್ರು. ಮೊದಲನೇ ಸಾಲಲ್ಲೇ ಇದೆ. ‘ಮೆಕ್ಯಾನಿಕ್ ಹೊರಟದ್ದು ನನ್ನ ಮಾತಿನ ಮೇಲೆ. ಜಾಲರಿ ತೆಗೆದಿಲ್ಲ ಎಂದು ತಿಳಿದೂ ರುಜು ಮಾಡಿದೆ. ಮೊದಲ ತಪ್ಪು ನನ್ನದು.’ ಬೈಯೋಕೂ ನನಗೆ ಜಾಗ ಬಿಡಲಿಲ್ಲ ಅವರು.”

“ಅವರಿಗೇನಂತೆ?”

“ದೊಡ್ಡ ಹುದ್ದೆ ಹೋಯ್ತು. ತಿಂಗಳ ಕೊನೆಗೆ ನೀವಾಗೇ ನಿವೃತ್ತಿ ತಗೊಳ್ಳಿ ಅಂದಿದ್ದಾರೆ. ನಿನಗೆ ಹೇಳಿಲ್ವಾ?”

ಅವಳು ಹೊಸಿಲ ಮೇಲೆ ಕೂತಳು.

“ಚುಕ್ಕಾಣಿ ಹಿಡಿದವನದು ತಪ್ಪಿಲ್ಲ ಅಂತ ಬರೆದಿದ್ದಾರೆ,” ಎಂದ ತಮ್ಮ. ಆಮೇಲೆ ಸೇರಿಸಿದ: “ಮೆಕ್ಯಾನಿಕ್‌ನ ಯಾಕೆ ಬಿಟ್ರಿ ಅಂತ ಇವರನ್ನ ಕೇಳಿದ್ರು. ಮನೆ ಕೆಲಸ ಅಂದ್ರು. ಯಾರ ಮನೆ ಅಂತ ಕೇಳಿದ್ರು. ನನ್ನ ಮನೆ ಅಂದ್ರು. ಅಷ್ಟೇ. ನಾನೂ ಅದಕ್ಕಿಂತ ಹೆಚ್ಚು ಹೇಳೋಕೆ ಹೋಗಲಿಲ್ಲ.”

ಸಂಜೆ ಚೀಫ್ ಮನೆಗೆ ಬಂದು ಎಂದಿನಂತೆ ಕೈಕಾಲು ತೊಳೆದ. ಹೆಂಡತಿ ಟವೆಲ್ ಕೊಡಲಿಲ್ಲ, ಎದುರಿಗೆ ನಿಂತಳು.

“ಫೋನ್ ಮಾಡಿದ್ದು ನಾನು ಅಂತ ಯಾಕೆ ಬರೀಲಿಲ್ಲ?”

“ಫೋನ್ ಎಲ್ಲರೂ ಮಾಡ್ತಾರೆ. ಬೇಡ ಅನ್ನೋಕೆ ನನಗೆ ಸಂಬಳ ಕೊಡ್ತಿದ್ರು.”

“ಸಮುದ್ರ ಬತ್ತಿ ಹೋಗಲ್ಲ ಅಂದಿದ್ದೆ ನಾನು.”

“ಅಂದಿದ್ದೆ.”

“ಈಗ ದೊಡ್ಡ ಮನುಷ್ಯರಾದ್ರಿ. ನನ್ನನ್ನ ಮರೆಯಲ್ಲಿಟ್ಟು ಕಾಪಾಡಿದ್ರಿ. ಸಾಯೋವರೆಗೂ ಅದನ್ನ ನೆನಪಿಸ್ತಿರ್ತೀರಿ.”

“ನಾನು ನೆನಪಿಸಲ್ಲ,” ಎಂದ ಅವನು. “ನೀನು ಮರೆಯಲ್ಲ.”

ಕೋಣೆಯ ಬಾಗಿಲು ತೆರೆಯಿತು. ಮುದುಕಿ ಚೌಕಟ್ಟು ಹಿಡಿದು ನಿಂತಿದ್ದಳು. “ಯಾವ ಫೋನು?”

ಚೀಫನ ಹೆಂಡತಿಯೇ ತಾಯಿಗೆ ಹೇಳಬೇಕಾಯಿತು. ನೀನು ಬಿದ್ದಾಗ ನಾನು ಮಾಡಿದ ಫೋನು, ಅವನು ಓಡಿ ಬಂದದ್ದು, ಜಾಲರಿ ಹಾಗೇ ಉಳಿದದ್ದು. ಮುದುಕಿ ಎಲ್ಲ ಕೇಳಿಸಿಕೊಂಡಳು. ಅಳಿಯನ ಕಡೆ ನೋಡಲಿಲ್ಲ.

“ನನಗೇನೂ ಆಗಿರಲಿಲ್ಲ,” ಎಂದಳು. “ಬರುವಾಗ ದಾರಿಯಲ್ಲಿ ಅವನ ಕೈಲಿ ಐಸ್‌ಕ್ರೀಮ್ ಬೇರೆ ಕೊಡಿಸಿಕೊಂಡು ತಿಂದೆ.”

ಬಾಗಿಲು ಮತ್ತೆ ಮುಚ್ಚಿಕೊಂಡಿತು. ಅಂದು ಅವಳ ತಟ್ಟೆ ಹೇಗೆ ಹೋಗಿತ್ತೋ ಹಾಗೆಯೇ ಹೊರಗೆ ಬಂತು.

ಮರುದಿನ ಬೇಕರಿ ಮುಗಿಸಿ ಚೀಫನ ಹೆಂಡತಿ ಆಸ್ಪತ್ರೆಗೆ ಹೋದಳು. ನಾವಿಕನ ತಾಯಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಬಸ್ಸಿನ ಕಂಡಕ್ಟರು; ಎತ್ತರದ ಗಟ್ಟಿ ಹೆಂಗಸು, ಗದ್ದಲದಲ್ಲಿ ಕೂಗಿ ಕೂಗಿ ದನಿ ಒಡಕಾಗಿತ್ತು. ಚೀಫನ ಹೆಂಡತಿ ತಾನು ಯಾರೆಂದು ಹೇಳಿದಳು. ಕೂರು ಎಂಬ ಮಾತು ಬರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು. ಫೋನ್ ಮಾಡಿದವಳು ನಾನು, ಅದು ಯಾವ ಕಾಗದದಲ್ಲೂ ಇಲ್ಲ, ನಿಮಗೆ ಗೊತ್ತಿರಬೇಕು ಅನ್ನಿಸಿತು ಎಂದಳು.

ಆ ತಾಯಿ ಮಡಿಸುತ್ತಿದ್ದ ಅಂಗಿಯನ್ನು ಮುಗಿಸಿ ಪಕ್ಕಕ್ಕಿಟ್ಟಳು.

“ಹೇಳಿ ಹಗುರ ಆಯ್ತಾ?”

ಚೀಫನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನಿಮ್ಮ ಯಜಮಾನರು ಎರಡು ಸಲ ಬಂದು ತಪ್ಪಾಯ್ತು ಅಂದ್ರು. ಇವತ್ತು ನೀವು. ನಾಳೆ ಇನ್ಯಾರೋ. ಮನೆಯವರೆಲ್ಲ ಸರದಿ ಮೇಲೆ ಬಂದು ಸುರಿದು ಹೋಗೋಕೆ ನಾನೇನು ಕಸದ ತೊಟ್ಟಿನಾ?”

“ಹಾಗಲ್ಲ...”

“ಅಳಬೇಡಿ ಇಲ್ಲಿ. ಒಳಗೆ ಅವನಿಗೆ ಕೇಳಿಸುತ್ತೆ.” ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. “ಇವತ್ತಿಗೆ ನನ್ನ ರಜ ಮುಗಿಯುತ್ತೆ, ನಾಳೆಯಿಂದ ಎರಡರಿಂದ ಏಳರವರೆಗೆ ಬಸ್ಸಲ್ಲಿರಬೇಕು. ಆ ಹೊತ್ತಲ್ಲಿ ಇವನನ್ನ ಎಬ್ಬಿಸಿ ಬಚ್ಚಲಿಗೆ ಕರ್ಕೊಂಡು ಹೋಗೋಕೆ ಜನ ಇಲ್ಲ. ಆಯಾನ ಕೂಗಿದ್ರೆ ಅರ್ಧ ಗಂಟೆ. ಗಂಡಸರನ್ನ ಕಳಿಸಿ. ಅತ್ತು ಹೋಗೋರು ಬೇಡ ನನಗೆ, ಎತ್ತೋರು ಬೇಕು.”

“ನಮ್ಮನೆಯವರು ಬರ್ತಾರೆ.”

“ಆ ಇಂಜಿನಿನವನೂ ಬರಲಿ,” ಎಂದಳು ಕಂಡಕ್ಟರು. “ಅವನು ಬರದಿದ್ರೆ ಯಾರೂ ಬರಬೇಡಿ.”

ಚೀಫನಿಗೆ ಹೇಳುವುದು ಕಷ್ಟವಾಗಲಿಲ್ಲ. ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ. ತಮ್ಮನನ್ನು ಹಿಡಿಯಲು ಅವಳು ಉಗ್ರಾಣಕ್ಕೇ ಹೋಗಬೇಕಾಯಿತು. ಪೇಂಟಿನ ಡಬ್ಬಿಗಳ ಸಾಲಿನ ನಡುವೆ ಅವನು ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದ. ವಿಷಯ ಕೇಳಿ ಮುಖ ತಿರುಗಿಸಿದ.

“ನನ್ನಿಂದಾಗಲ್ಲ ಅಕ್ಕ. ಬೇಕಾದ್ರೆ ಇನ್ನೊಂದು ಶಿಕ್ಷೆ ಕೊಡಲಿ.”

“ಅವಳು ಶಿಕ್ಷೆ ಕೊಡ್ತಿಲ್ಲ. ಕೆಲಸ ಕೊಡ್ತಿದ್ದಾಳೆ.”

“ಅವನ ಮುಖ ಹೇಗೆ ನೋಡ್ಲಿ?”

“ನೋಡಬೇಡ. ಕಂಕುಳಿಗೆ ಕೈ ಹಾಕಿ ಎತ್ತು.”

“ಭಾವ ಇರ್ತಾರಾ?”

“ನೀನು ಬರೋವರೆಗೆ ಇರ್ತಾರೆ.”

“ಅವರ ಜೊತೆ ನಾನು ಮಾತಾಡಲ್ಲ.”

“ಮಾತಾಡು ಅಂತ ಕೇಳೋಕೆ ನಾನು ಇಷ್ಟು ದೂರ ನಡೆದು ಬಂದಿಲ್ಲ,” ಎಂದಳು ಅಕ್ಕ. ಅವಳಿಗೂ ಸಾಕಾಗಿತ್ತು.

ಶುಕ್ರವಾರ ಎರಡು ಗಂಟೆಗೆ ಚೀಫ್ ವಾರ್ಡಿನಲ್ಲಿ ಕೂತ. ನಾಲ್ಕೂವರೆಗೆ ಹೆಂಡತಿ ಬ್ರೆಡ್ಡು ತೆಗೆದುಕೊಂಡು ಹೋದಾಗ ನಾವಿಕ ದಿಂಬಿಗೊರಗಿ ಕಿಟಕಿಯ ಕಡೆ ನೋಡುತ್ತಿದ್ದ. ಇಬ್ಬರ ನಡುವೆ ಹೆಚ್ಚು ಮಾತಾದಂತೆ ಕಾಣಲಿಲ್ಲ. ಅವಳ ಹಿಂದೆಯೇ ತಮ್ಮ ಬಂದು ಬಾಗಿಲಲ್ಲಿ ನಿಂತ. ಕೈ ಎರಡು ಸಲ ತೊಳೆದು ಬಂದಿದ್ದ. ಅಂಗಿಯ ತೋಳು ಒದ್ದೆಯಾಗಿತ್ತು.

ಚೀಫ್ ಕುರ್ಚಿಯಿಂದ ಎದ್ದ. ಬೋಟಿನ ಮೇಲೆ ಕಾವಲು ಮುಗಿಸಿದವನು ಮುಂದಿನವನಿಗೆ ಒಪ್ಪಿಸುವ ದನಿಯಲ್ಲೇ, ಮುಖ ನೋಡದೆ ಹೇಳಿದ: “ಗಾಯದ ಬಟ್ಟೆ ಮೂರಕ್ಕೆ ಬದಲಾಯ್ತು. ಮಾತ್ರೆ ಆರಕ್ಕೆ. ಬಲಗಡೆಯಿಂದ ಹಿಡಿ.”

“ಸರಿ,” ಎಂದ ತಮ್ಮ.

ಚೀಫ್ ಹೊರಗೆ ಹೋದ. ಹೆಂಡತಿ ಬಾಗಿಲ ಹತ್ತಿರವೇ ಉಳಿದಳು. ನಾವಿಕ ಬಾಯಾರಿಕೆ ಎಂದು ಸನ್ನೆ ಮಾಡಿದ. ತಮ್ಮ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಮುಂದೆ ಹಿಡಿದ. ನಾವಿಕ ತೆಗೆದುಕೊಳ್ಳಲಿಲ್ಲ. ಲೋಟದೊಳಗೆ ಇಣುಕಿ ನೋಡಿದ.

“ಸೋಸಿದ್ದೀರಾ?” ಎಂದ.

ತಮ್ಮ ಓಡಿಹೋಗಲಿಲ್ಲ. ಕೈ ಚಾಚಿಕೊಂಡೇ ನಿಂತ. ಕೊನೆಗೆ ನಾವಿಕ ಲೋಟ ಕಿತ್ತುಕೊಂಡು ಕುಡಿದ.

“ಬಚ್ಚಲಿಗೆ ಹೋಗಬೇಕು. ಎತ್ತಿ.”

ತಮ್ಮ ಬಲಗಡೆಗೆ ಬಂದು, ನೆಲ ನೋಡುತ್ತ, ಅವನ ಕಂಕುಳಿಗೆ ಕೈ ಹಾಕಿದ.

“ಎಲ್ಲಿ ನೋಡ್ತಿದ್ದೀರಿ?” ಎಂದ ನಾವಿಕ. “ನನ್ನನ್ನ ನೋಡಿ ಎತ್ತಿ. ಇನ್ನೊಂದು ಸಲ ಬೀಳೋಕೆ ನನ್ನ ಹತ್ತಿರ ಕಾಲಿಲ್ಲ.”

ತಮ್ಮ ತಲೆ ಎತ್ತಿ ಅವನನ್ನು ನೋಡಿದ. ನೋಡಿಕೊಂಡೇ ಎತ್ತಿದ.